ಬೆರಳುದ್ದದ ಗಾಜು

ಬೀದಿಯವರು ಅವಳನ್ನು ಪೊರಕೆಯಮ್ಮ ಎಂದು ಕರೆಯುತ್ತಿದ್ದುದು ಬೆನ್ನ ಹಿಂದೆ ಅಲ್ಲ, ಮುಖದೆದುರಿಗೇ. ಅವಳಿಗೂ ಅದರಿಂದ ಬೇಸರವಿರಲಿಲ್ಲ. ಬೆಳಗಿನ ಟೀಗೆ ಮೊದಲು ಒಂದು ಸಲ, ಎಲ್ಲರೂ ಹೊರಗೆ ಹೋದಮೇಲೆ ಒಂದು ಸಲ, ಸಂಜೆ ದೀಪ ಹಾಕುವ ಮುಂಚೆ ಇನ್ನೊಂದು ಸಲ ಗುಡಿಸದಿದ್ದರೆ ಅವಳಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಕಿಟಕಿಯ ಒಂದೊಂದು ಸರಳನ್ನೂ ಬಿಡದೆ ಒರೆಸುವವಳು. ನಲವತ್ತು ವರ್ಷದ ಸಂಸಾರದಲ್ಲಿ ತನ್ನ ಕೈಯಿಂದ ಒಂದು ಲೋಟ ಒಡೆದಿಲ್ಲ ಎಂದು ಹೇಳಿಕೊಳ್ಳುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ಆದದ್ದೆಲ್ಲ ಆದದ್ದು ಈ ಹೆಮ್ಮೆಯಿಂದಲೇ.

ಎರಡು ಕೋಣೆಯ ಮನೆ, ಐದು ಜನ. ಮುಂದಿನ ಕೋಣೆಯಲ್ಲಿ ಅವಳು, ಯಜಮಾನರು, ಅಡುಗೆಯ ಒಲೆ. ಹಿಂದಿನ ಕೋಣೆಯಲ್ಲಿ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಮಗ, ಸೊಸೆ, ಆರು ವರ್ಷದ ಮೊಮ್ಮಗಳು. ಸೊಸೆಗೆ ಈಗ ಐದು ತಿಂಗಳು. ಇನ್ನೊಂದು ಮಗು ಬಂದರೆ ಮಲಗುವುದೆಲ್ಲಿ ಎಂಬ ಮಾತು ದಿನವೂ ಊಟದ ಹೊತ್ತಿಗೆ ಏಳುತ್ತಿತ್ತು.

"ನಮ್ಮ ಆಫೀಸಿನವರು ಕ್ವಾರ್ಟರ್ಸ್ ಕೊಡ್ತೀವಿ ಅಂತಿದ್ದಾರೆ. ಹೋಗಿಬಿಡೋಣ," ಎಂದಳು ಸೊಸೆ.

"ಊರಿನ ಆ ತುದೀಗೆ ಹೋಗಿ ಕೂತ್ರೆ ಮಗೂನ ನೋಡ್ಕೊಳ್ಳೋರು ಯಾರು? ಗೋಡೆನಾ?" ಎಂದು ಪೊರಕೆಯಮ್ಮ ಸೌಟು ಕುಕ್ಕಿದಳು.

"ಜಗಳ ಯಾಕೆ? ಮೇಲೊಂದು ರೂಮು ಕಟ್ಟಿಬಿಡೋಣ. ಆಗ ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ," ಎಂದ ಮಗ.

ಪೊರಕೆಯಮ್ಮನಿಗೆ ಹೋದ ಜೀವ ಬಂದಂತಾಯಿತು. ಅಂದು ಅವಳು ಮಗನ ತಟ್ಟೆಗೆ ಕೇಳದೆಯೇ ಎರಡು ಮೊಟ್ಟೆ ಹಾಕಿದಳು.

ಆದರೆ ಆ ಬೀದಿಯಲ್ಲಿ ಮನಸ್ಸು ಬಂದ ಹಾಗೆ ಕಟ್ಟುವಂತಿರಲಿಲ್ಲ. ಕೆಳಗೆ ಹಳೆಯ ಗಣಿ. ಅದನ್ನು ಮುಚ್ಚಿ ಮೂವತ್ತು ವರ್ಷವಾಗಿದ್ದರೂ ಸುರಂಗಗಳೇನೂ ಎಲ್ಲಿಗೂ ಹೋಗಿರಲಿಲ್ಲ, ನೆಲದಡಿಯಲ್ಲೇ ಬಾಯಿ ತೆರೆದುಕೊಂಡು ಬಿದ್ದಿದ್ದವು. ಹೋದ ವರ್ಷ ಪಕ್ಕದ ಬೀದಿಯಲ್ಲಿ ಒಂದು ದೀಪದ ಕಂಬ ಸೊಂಟದ ತನಕ ಇಳಿದುಹೋದ ಮೇಲೆ ನೆಲ ಪರೀಕ್ಷೆಯ ಆಫೀಸಿನವರು ಹೊಸ ನಿಯಮ ತಂದರು. ಗೋಡೆಯಲ್ಲಿ ಬಿರುಕಿದ್ದರೆ ಅದರ ಮೇಲೆ ಅಡ್ಡಕ್ಕೆ ಬೆರಳುದ್ದದ ತೆಳು ಗಾಜೊಂದನ್ನು ಎರಡು ತುದಿಗೂ ಬಿಳಿ ಸಿಮೆಂಟಿನ ಬೊಟ್ಟಿಟ್ಟು ಅಂಟಿಸಬೇಕು. ಎಂಟು ವಾರ ಅದು ಹಾಗೇ ಇದ್ದರೆ ಕಟ್ಟಬಹುದು. ಅದೇ ಆಫೀಸಿನಲ್ಲಿ ಅಳತೆಯ ಕೆಲಸದಲ್ಲಿದ್ದ ಸೊಸೆಗೇ ಆ ಬೀದಿ ಬಿತ್ತು. "ಸಾರ್, ನಮ್ಮನೇನೂ ಅಲ್ಲೇ ಇದೆ," ಎಂದರೆ ಸಾಹೇಬರು, "ಒಳ್ಳೇದೇ ಆಯ್ತಲ್ಲ, ಬಾಗಿಲು ತಟ್ಟಿದ ಕೂಡಲೇ ತೆಗೀತಾರೆ," ಎಂದು ಫೈಲು ಮುಚ್ಚಿದರಂತೆ.

ಒಂದು ಗುರುವಾರ ಅವಳು ಇಪ್ಪತ್ತೆರಡು ಮನೆಗೂ ಗಾಜು ಅಂಟಿಸಿದಳು. ಬಸುರಿ, ಕಾಲು ಊದಿತ್ತು, ಆತುರ ಬೇರೆ. ಎಲ್ಲ ಮನೆಯಲ್ಲೂ ಒಂದೇ ಮಾತು. "ಇದನ್ನ ಯಾರೂ ಮುಟ್ಟಬಾರದು. ಒಡೆದ್ರೆ ನಾನು ಬರೆದು ಕಳಿಸಬೇಕಾಗತ್ತೆ. ಆಮೇಲೆ ಏನೂ ಕಟ್ಟೋಕೆ ಬಿಡಲ್ಲ."

ತನ್ನ ಮನೆಯಲ್ಲೂ ಅಷ್ಟೇ ಹೇಳಿದಳು. ಹಿಂದಿನ ಕೋಣೆಯಲ್ಲಿ ಮೊಮ್ಮಗಳ ಮಂಚದ ತಲೆಯ ಕಡೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅದರ ಮೇಲೆ ಗಾಜು ಕೂತಿತು.

"ಇದೆಲ್ಲ ಯಾಕಮ್ಮ?" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಅವರು ಅದೇ ಗಣಿಯಲ್ಲಿ ಹದಿನೆಂಟು ವರ್ಷ ಇಳಿದು ಹತ್ತಿದವರು. "ನಕ್ಷೇಲಿ ಬರೆದಿದ್ದಾರಲ್ಲ, ಬೀದಿ ಕೆಳಗೆಲ್ಲ ಅಗೆಯದೆ ಬಂಡೆಯ ಕಂಬ ಬಿಟ್ಟಿದೆ ಅಂತ."

"ನಕ್ಷೇಲಿ ಇದೆ ಮಾವ. ನಿಜವಾಗ್ಲೂ ಇದ್ಯಾ ಅಂತ ನೋಡೋದೇ ನನ್ನ ಕೆಲಸ."

ಯಜಮಾನರು ಪದಬಂಧದ ಕಡೆ ತಿರುಗಿದರು.

ಮೂರು ವಾರ ಏನೂ ಆಗಲಿಲ್ಲ. ಪ್ರತಿ ಗುರುವಾರ ಸೊಸೆ ಪುಸ್ತಕ ಹಿಡಿದು ಬಂದು ಗಾಜು ನೋಡಿ 'ಬದಲಾವಣೆ ಇಲ್ಲ' ಎಂದು ಬರೆದುಕೊಂಡು ಪಕ್ಕದ ಮನೆಗೆ ಹೋಗುತ್ತಿದ್ದಳು. ಇಪ್ಪತ್ತೈದನೆಯ ದಿನ, ಸೋಮವಾರ, ಪೊರಕೆಯಮ್ಮ ಮಂಚದ ಹಿಂದೆ ಬಟ್ಟೆ ಆಡಿಸಿ ಸರಿದು ನೋಡಿದರೆ ಗಾಜಿನ ನಡುವೆ ಸಣ್ಣಗೆ ಸೀಳು!

"ಅಯ್ಯೋ ನನ್ನ ಕೈಗಿಷ್ಟು!" ಎಂದು ತನ್ನ ಕೈಯನ್ನು ತಾನೇ ಹೊಡೆದುಕೊಂಡಳು. ಲೋಟ ಒಡೆಯದ ಕೈ ಹೋಗಿ ಹೋಗಿ ಇದನ್ನೇ ಒಡೆಯಬೇಕೆ? ಸೊಸೆಗೆ ಹೇಳಿದರೆ ಬರೆದು ಕಳಿಸುತ್ತಾಳೆ. ಬರೆದು ಕಳಿಸಿದರೆ ಮೇಲಿನ ರೂಮಿಲ್ಲ. ಮೇಲಿನ ರೂಮಿಲ್ಲದಿದ್ದರೆ ಮಗ, ಸೊಸೆ, ಮಗು ಊರಿನ ಆ ತುದಿಗೆ. ಒಂದು ಒರೆಸುವ ಬಟ್ಟೆಯಿಂದ ಇಷ್ಟೆಲ್ಲ!

ಅವಳು ಒಡೆದ ಗಾಜನ್ನು ಚಾಕುವಿನಿಂದ ಎಬ್ಬಿಸಿ ತೆಗೆದಳು. ಕಸದ ಬುಟ್ಟಿಗೆ ಹಾಕಿದರೆ ಸೊಸೆಯ ಕಣ್ಣಿಗೆ ಬಿದ್ದೀತು, ಕಸ ಒಯ್ಯುವವನ ಕೈಗೂ ಚುಚ್ಚೀತು. ಕೈಗೆ ಸಿಕ್ಕ ಅಂದಿನ ಪೇಪರಿನ ಹಾಳೆಯೊಂದನ್ನು ಹರಿದು ಸುತ್ತಿ ಅಕ್ಕಿ ಡಬ್ಬದ ಹಿಂದೆ ತಳ್ಳಿದಳು. ಆಮೇಲೆ ಫೋಟೋಗೆ ಕಟ್ಟು ಹಾಕುವವನ ಅಂಗಡಿಗೆ ಓಡಿ ಅದೇ ಅಳತೆಯ ಗಾಜು ತಂದು, ಬಚ್ಚಲಿನ ಸಂದಿಗೆಂದು ಇಟ್ಟಿದ್ದ ಬಿಳಿ ಸಿಮೆಂಟು ಕಲಸಿ ಅಂಟಿಸಿದಳು. ನಿಜ ಹೇಳಬೇಕೆಂದರೆ ಆಫೀಸಿನವರಿಗಿಂತ ಅಚ್ಚುಕಟ್ಟಾಗಿಯೇ ಅಂಟಿಸಿದಳು.

ಮಧ್ಯಾಹ್ನ ಯಜಮಾನರು ಮನೆಯೆಲ್ಲ ಹುಡುಕಿದರು. "ಪದಬಂಧದ ಹಾಳೆ ಎಲ್ಲೇ?"

"ಇಲಿ ಎಳ್ಕೊಂಡು ಹೋಯ್ತೇನೋ."

"ನಿನ್ನ ಮನೇಲಿ ಇಲಿ? ಅದಕ್ಕೇನು ಸಾಯೋ ಆಸೆನಾ?"

ಗುರುವಾರ ಸೊಸೆ ಗಾಜಿನ ಮುಂದೆ ಒಂದು ಗಳಿಗೆ ನಿಂತಳು. "ಏನತ್ತೆ, ಇಷ್ಟು ಹೊಳೀತಿದೆ?"

"ಒರೆಸ್ದೆ ಕಣೇ."

"ಅಯ್ಯೋ ಅತ್ತೆ, ಅದನ್ನಾದ್ರೂ ಬಿಡಿ!" ಎಂದು ನಗುತ್ತಾ ಬರೆದುಕೊಂಡಳು. ಅತ್ತೆ ಒರೆಸಿದಳೆಂದರೆ ಯಾರಿಗೆ ತಾನೇ ಅನುಮಾನ ಬಂದೀತು?

ಮಗ ಇಟ್ಟಿಗೆ ತರಿಸಿ ಬಾಗಿಲ ಪಕ್ಕ ಜೋಡಿಸಿದ. ಗಾರೆಯವನು ಬಂದು ಮೆಟ್ಟಿಲು ಎಲ್ಲಿ ಬರಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋದ. ಮೊಮ್ಮಗಳು ಆ ಗೆರೆಗಳ ಮೇಲೆ ಕಾಲಿಟ್ಟು ಇಲ್ಲದ ಮೆಟ್ಟಿಲು ಹತ್ತುತ್ತಾ, "ಮೇಲ್ಗಡೆ ರೂಮು ನಂದು, ಅಜ್ಜಿ ಬಂದ್ರೆ ಚಪ್ಪಲಿ ಬಿಟ್ಟು ಬರಬೇಕು," ಎನ್ನುತ್ತಿದ್ದಳು.

ಹದಿನೈದು ದಿನಕ್ಕೆ, ಒಂದು ಮಂಗಳವಾರ, ಗಾಜು ಮತ್ತೆ ಸೀಳಿತ್ತು. ಈ ಸಲ ಪೊರಕೆಯಮ್ಮ ಗಂಡನ ಮೇಲೆ ಹರಿಹಾಯ್ದಳು.

"ಬಾಗಿಲನ್ನ ಆ ಥರ ಯಾಕ್ರೀ ಬಡೀತೀರಾ? ಗೋಡೆಯೆಲ್ಲ ಅದುರತ್ತೆ!"

"ನಾನೆಲ್ಲಿ ಬಡಿದೆ? ಅದೀಗ ಸರಿಯಾಗಿ ಕೂರ್ತಾನೇ ಇಲ್ಲ. ಎತ್ತಿ ತಳ್ಳಬೇಕು."

"ಮೂವತ್ತು ವರ್ಷ ಕೂತಿದ್ದು ಈಗ ಕೂರಲ್ವಾ? ವಯಸ್ಸಾಗ್ತಾ ಆಗ್ತಾ ಕೈ ಹಿಡಿತದಲ್ಲಿರಲ್ಲ ನಿಮಗೆ!"

ಯಜಮಾನರು ಬಾಗಿಲಿನ ಕಡೆ, ನೆಲದ ಕಡೆ ನೋಡಿ ಏನೋ ಹೇಳಹೊರಟು ಸುಮ್ಮನಾದರು. ಅವರು ಸುಮ್ಮನಾದದ್ದನ್ನು ತಾನು ಗೆದ್ದೆನೆಂದೇ ಅವಳು ತಿಳಿದುಕೊಂಡಳು. ಮತ್ತೆ ಅಂದಿನ ಪೇಪರಿನ ಹಾಳೆ, ಅಕ್ಕಿ ಡಬ್ಬದ ಹಿಂದೆ ಇನ್ನೊಂದು ಪೊಟ್ಟಣ, ಮತ್ತೆ ಅಂಗಡಿ, ಮತ್ತೆ ಸಿಮೆಂಟು. ಪದಬಂಧ ಮತ್ತೆ ಮಾಯವಾಗಿದ್ದಕ್ಕೆ ಗಂಡನಿಂದ ಬೈಸಿಕೊಂಡದ್ದೂ ಆಯಿತು. "ದುಡ್ಡು ಕೊಟ್ಟು ಪೇಪರ್ ತರಿಸೋದು ನಾನು, ಮೇಯೋದು ಇನ್ಯಾರೋ!"

ಈ ಸಲ ಅವಳು ಪಣ ತೊಟ್ಟಳು. ಆ ಗೋಡೆಯ ಹತ್ತಿರ ಪೊರಕೆ ಇಲ್ಲ, ಬಟ್ಟೆ ಇಲ್ಲ. ಮಂಚವನ್ನು ಒಂದು ಮೊಳ ಈಚೆಗೆ ಎಳೆದಳು. ಗಾಜಿನ ಮೇಲೆ ಹಳೆಯ ದಿಂಬಿನ ಚೀಲವೊಂದನ್ನು ಮೊಳೆಗೆ ತೂಗುಹಾಕಿ, "ಅದರ ಹತ್ತಿರ ಹೋದ್ರೆ ಕಿವಿ ಹಿಂಡ್ತೀನಿ," ಎಂದು ಮೊಮ್ಮಗಳಿಗೆ ಎಚ್ಚರಿಕೆ ಕೊಟ್ಟಳು. ಒಂದು ವಾರ ಆ ಮೂಲೆಯಲ್ಲಿ ಧೂಳು ಕೂರುವುದನ್ನು ಹಲ್ಲು ಕಚ್ಚಿ ನೋಡಿದಳು. ಅವಳಿಗೆ ಅದೇನು ಸಣ್ಣ ಶಿಕ್ಷೆಯಲ್ಲ.

ಎಂಟನೆಯ ದಿನ, ಬುಧವಾರ, ದಿಂಬಿನ ಚೀಲ ಎತ್ತಿದಳು. ಗಾಜು ಎರಡು ತುಂಡಾಗಿತ್ತು. ಮೇಲೆ ಕೂತಿದ್ದ ತೆಳ್ಳನೆಯ ಧೂಳಿನ ಮೇಲೆ ಒಂದು ಬೆರಳಿನ ಗುರುತಿರಲಿಲ್ಲ.

ಅಭ್ಯಾಸಬಲವೋ ಏನೋ, ಅವಳು ತುಂಡುಗಳನ್ನು ಅಂದಿನ ಪೇಪರಿನಲ್ಲಿ ಸುತ್ತಿಟ್ಟು ಚೀಲ ಹಿಡಿದು ಅಂಗಡಿಗೆ ನಡೆದಳು.

ಕಟ್ಟು ಹಾಕುವವನು ಅವಳನ್ನು ದೂರದಿಂದ ಕಂಡವನೇ ಡ್ರಾಯರ್ ಎಳೆದ. "ಬೆರಳುದ್ದದ್ದು ತಾನೇ ಅಮ್ಮ? ಕತ್ತರಿಸಿ ಇಟ್ಟಿದ್ದೀನಿ, ತಗೊಳ್ಳಿ."

"ನಾನು ಬರ್ತೀನಿ ಅಂತ ನಿನಗೆ ಹೇಗಪ್ಪ ಗೊತ್ತು?"

"ನೀವೇ ಅಂತಲ್ಲ. ನಿಮ್ಮ ಬೀದಿಯಿಂದ ವಾರಕ್ಕೆ ಮೂರ್ನಾಲ್ಕು ಜನ ಬರ್ತಾರೆ. ಎಲ್ಲ ಹೆಂಗಸರೇ. ಎಲ್ಲರದ್ದೂ ಒಂದೇ ಮಾತು. 'ಒರೆಸೋವಾಗ ಕೈ ತಾಗ್ತು ಕಣಪ್ಪ, ನಮ್ಮನೇಲಿ ಹೇಳ್ಬೇಡ' ಅಂತಾರೆ." ಅವನು ನಕ್ಕ. "ಅದೇನು ಒರೆಸ್ತೀರಮ್ಮ ನೀವೆಲ್ಲ?"

ಪೊರಕೆಯಮ್ಮನಿಗೆ ನಗು ಬರಲಿಲ್ಲ. ಗಾಜನ್ನು ಚೀಲಕ್ಕೆ ಹಾಕಿಕೊಂಡು ಬೀದಿಗೆ ಬಂದಳು. ಅವಳ ಕೈಯೊಂದು ತಪ್ಪಬಹುದು. ಇಡೀ ಬೀದಿಯ ಕೈ ಒಟ್ಟಿಗೆ ತಪ್ಪುತ್ತದೆಯೇ? ಸಾಲು ಮನೆಗಳು ಬಿಸಿಲಿನಲ್ಲಿ ತಣ್ಣಗೆ ಕೂತಿದ್ದವು. ದರ್ಜಿಯವಳ ಮನೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಮೊದಲ ಸಲ ಆ ಬೀದಿಯಲ್ಲಿ ಅವಳು ಹೆಜ್ಜೆ ನೋಡಿ ಇಟ್ಟಳು.

ಆ ಸಂಜೆ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಮಗ ಕುಣಿಯುವುದೊಂದು ಬಾಕಿ.

"ಇನ್ನೊಂದೇ ವಾರ ಅಮ್ಮ. ಮುಂದಿನ ಗುರುವಾರ ಇವಳು ಕೊನೇ ಸಲ ಬರೆದ್ರೆ ಶುಕ್ರವಾರ ಗಾರೆಯವನು ಬರ್ತಾನೆ."

"ಕ್ವಾರ್ಟರ್ಸ್ ಬೇಡ ಅಂತ ನಾಳೆನೇ ಬರೆದುಕೊಡ್ತೀನಿ ಅತ್ತೆ," ಎಂದಳು ಸೊಸೆ. "ಇಲ್ಲೇ ಇರ್ತೀವಿ. ಸಮಾಧಾನಾನಾ?"

ಇಷ್ಟು ದಿನದಿಂದ ಅವಳು ಕೇಳಲು ಕಾದಿದ್ದ ಮಾತು ಅದು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಚೀಲದಲ್ಲಿ ಹೊಸ ಗಾಜಿದೆ, ಡಬ್ಬದಲ್ಲಿ ಸಿಮೆಂಟಿದೆ, ಮಗ ಮನೆಯಲ್ಲೇ ಇರುತ್ತಾನೆ. ಹಿಂದಿನ ಕೋಣೆಯ ಬಾಗಿಲಿನಿಂದ ಮೊಮ್ಮಗಳ ಮಂಚ ಕಾಣುತ್ತಿತ್ತು. ಗೋಡೆಯಿಂದ ಒಂದು ಮೊಳ ಈಚೆ, ಅಷ್ಟೇ.

"ಬಾರೇ ಪುಟ್ಟಿ, ಇವತ್ತು ನನ್ನ ಪಕ್ಕ ಮಲ್ಕೋ," ಎಂದಳು. "ನೀವಿಬ್ಬರೂ ಹಾಸಿಗೆ ಈಚೆ ತನ್ನಿ. ಆ ರೂಮಲ್ಲಿ ಸೊಳ್ಳೆಗೆ ಮದ್ದು ಹೊಡೆದಿದ್ದೀನಿ."

ಐವರೂ ಮುಂದಿನ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದರು. ಸೊಸೆ ಸೊಳ್ಳೆಗೆ ಶಾಪ ಹಾಕಿದಳು.

ಬೆಳಿಗ್ಗೆ ಟೀ ಕುಡಿದು ಸೊಸೆ ಪುಸ್ತಕ ಹಿಡಿದು ಎದ್ದಳು. "ಮೊದಲು ನಮ್ಮನೇದೇ ಬರ್ಕೋತೀನಿ."

ಪೊರಕೆಯಮ್ಮ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಮೂರು ಪೊಟ್ಟಣ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಇದನ್ನ ನೋಡಮ್ಮ ಮೊದಲು. ಬೈಯೋದಾದ್ರೆ ಆಮೇಲೆ ಒಟ್ಟಿಗೆ ಬೈ."

ಸೊಸೆ ಒಂದು ಪೊಟ್ಟಣ ಬಿಚ್ಚಿದಳು, ಎರಡನೆಯದು ಬಿಚ್ಚಿದಳು. ಮೂರನೆಯದಕ್ಕೆ ಅವಳ ಮುಖ ಸುಣ್ಣದಂತಾಗಿತ್ತು.

"ನಾನು ಒಡೆದೆ ಅಂದ್ಕೊಂಡೆ ಕಣೇ," ಎಂದಳು ಪೊರಕೆಯಮ್ಮ. "ಎರಡು ಸಲ ಹಾಗೇ ಅಂದ್ಕೊಂಡೆ. ಮೂರನೇ ಸಲ ಯಾರೂ ಮುಟ್ಟಿಲ್ಲ. ತಾನಾಗೇ ಒಡೀತು."

"ಅಮ್ಮಾ!" ಮಗ ಲೋಟ ಕುಕ್ಕಿ ಎದ್ದ. "ನಿನಗೆ ತಲೆ ಇದ್ಯಾ? ಅಲ್ಲಿ ಮಗು ಮಲಗ್ತಾಳೆ! ಇವಳು ಮಲಗ್ತಾಳೆ!"

"ಆರು ವಾರ ನಾನು ಸರಿಯಿದೆ ಅಂತ ಬರೆದು ಸೈನ್ ಹಾಕಿದ್ದೀನಿ," ಎಂದಳು ಸೊಸೆ. "ಒಂದು ಮಾತು ನನ್ನ ಕೇಳಬಹುದಿತ್ತಲ್ಲ ಅತ್ತೆ?"

"ಕೇಳಿದ್ರೆ ನೀವು ಹೊರಟುಹೋಗ್ತಿದ್ರಿ," ಎಂದಳು ಪೊರಕೆಯಮ್ಮ. ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. "ನನಗೆ ನೀವು ಬೇಕಿತ್ತು ಕಣೇ. ನೀವು ಇಲ್ಲೇ ಇರಬೇಕಿತ್ತು, ಅಷ್ಟೇ."

ಯಜಮಾನರು ಮೇಜಿನ ಹತ್ತಿರ ಬಂದು ಸುಕ್ಕಾದ ಹಾಳೆಯೊಂದನ್ನು ಎತ್ತಿದರು. "ಇಲ್ಲಿದ್ಯಾ ನನ್ನ ಪದಬಂಧ!" ಎಂದವರು ಬೇರೇನೋ ಹೊಳೆದಂತೆ ಹಾಳೆಯ ತಲೆಯ ಮೇಲಿನ ತಾರೀಖಿಗೆ ಬೆರಳಿಟ್ಟರು. "ಇಲ್ನೋಡಮ್ಮ. ಒಡೆದ ದಿನದ್ದೇ ಪೇಪರು."

ಸೊಸೆ ಮೂರೂ ಹಾಳೆಗಳನ್ನು ಅಂಗೈಯಿಂದ ಸವರಿ ಸಾಲಾಗಿ ಹಾಸಿದಳು. ಬೆರಳಲ್ಲಿ ಎಣಿಸಿದಳು. "ಮೊದಲನೇದು ಇಪ್ಪತ್ತೈದು ದಿನ ತಡ್ಕೊಂಡಿದೆ. ಎರಡನೇದು ಹದಿನೈದು. ಮೂರನೇದು ಎಂಟೇ ದಿನ." ಅವಳು ಕುರ್ಚಿಯಲ್ಲಿ ಕುಸಿದು ಕೂತಳು. "ಬೇಗ ಬೇಗ ಆಗ್ತಿದೆ. ಆದ್ರೆ ಕೆಳಗೆ ಕಂಬ ಇದ್ಯಲ್ಲ, ಹೇಗೆ?"

"ಆ ನಕ್ಷೇಲಿರೋ ಕಂಬ ಕೆಳಗಿಲ್ಲಮ್ಮ," ಎಂದರು ಯಜಮಾನರು.

ಎಲ್ಲರೂ ಅವರ ಕಡೆ ತಿರುಗಿದರು.

"ಅದಿರು ಅಗೆಯುವಾಗ ಮೇಲಿನ ಬಂಡೆ ಕುಸೀದಿರ್ಲಿ ಅಂತ ನಡುನಡುವೆ ಅಗೆಯದೆ ಬಿಟ್ಟಿರ್ತೀವಲ್ಲ, ಅದೇ ಕಂಬ. ಮುಚ್ಚೋ ವರ್ಷ ಕಂತ್ರಾಟುದಾರ ನಮಗೆ, ಸುರಂಗ ಖಾಲಿ ಮಾಡ್ಕೊಂಡು ವಾಪಸ್ ಬರ್ತಾ ಬರ್ತಾ ಅದನ್ನೂ ಕಡೀರಿ ಅಂದ. ಕಡಿದ್ವಿ. ನಕ್ಷೆ ತಿದ್ದಲಿಲ್ಲ. ನನ್ನ ಕೈಯಲ್ಲೇ ನಾಲ್ಕು ಹೋಗಿದೆ." ಅವರು ತಮ್ಮ ಕೈ ನೋಡಿಕೊಂಡರು. "ಕಡಿದದ್ದು ನಮ್ಮ ಬೀದಿ ತನಕ ಬಂದಿರ್ಲಿಲ್ಲ ಅಂದ್ಕೊಂಡಿದ್ದೆ. ಬಾಗಿಲು ಕೂರದೇ ಇದ್ದಾಗ್ಲೇ ಅನುಮಾನ ಬಂತು. ಹೇಳೋಕೆ ಬಾಯಿ ಬರ್ಲಿಲ್ಲ."

ಪೊರಕೆಯಮ್ಮ ಕಣ್ಣೊರೆಸಿಕೊಂಡು ಎದ್ದು ನಿಂತಳು. "ನಾನು ಮೂರು ಗಾಜು ಮುಚ್ಚಿಟ್ಟೆ. ನೀವು ಇಡೀ ಗಣೀನೇ ಮುಚ್ಚಿಟ್ರಲ್ಲಾ ಮಾರಾಯ್ರೇ!"

ಮಗನಿಗೆ ಅಂಥ ಸಿಟ್ಟಿನಲ್ಲೂ ಬಾಯಿಂದ ನಗು ಚಿಮ್ಮಿತು. ಆಮೇಲೆ ಅವನೇ ಒಳಗೆ ಹೋಗಿ ಮಂಚ ಎಳೆದು ತಂದ.

"ಇನ್ನೊಂದಿದೆ," ಎಂದಳು ಪೊರಕೆಯಮ್ಮ ಸೊಸೆಗೆ. "ನಮ್ಮನೇದು ಮಾತ್ರ ಅಲ್ಲ. ನಡಿ, ನಾನೂ ಬರ್ತೀನಿ."

ಮೊದಲು ತಟ್ಟಿದ್ದು ದರ್ಜಿಯವಳ ಬಾಗಿಲು. ಅವಳು ಸೊಸೆಯ ಕೈಯಲ್ಲಿನ ಪುಸ್ತಕ ನೋಡಿ, "ನಮ್ಮದು ಹಾಗೇ ಇದೆ, ನೋಡ್ಕೊಳ್ಳಿ," ಎಂದಳು, ಕಣ್ಣು ಮಾತ್ರ ಬೇರೆಲ್ಲೋ.

"ನಂದು ಮೂರು ಸಲ ಒಡೀತು," ಎಂದಳು ಪೊರಕೆಯಮ್ಮ. "ನಿಂದೆಷ್ಟು ಸಲ?"

ದರ್ಜಿಯವಳು ಬಾಯಿ ತೆರೆದು ಮುಚ್ಚಿದಳು. "ನಿಮ್ಮ ಕೈಯಿಂದಾನಾ ಅಕ್ಕ? ಪೊರಕೆಯಮ್ಮನ ಕೈಯಿಂದ?"

"ನನ್ನ ಕೈಯಿಂದಲ್ಲ, ನಿನ್ನ ಕೈಯಿಂದಲೂ ಅಲ್ಲ. ಹೇಳು."

"ಎರಡು ಸಲ," ಎಂದು ದರ್ಜಿಯವಳು ಅಳುವುದಕ್ಕೇ ಶುರುಮಾಡಿದಳು. "ಮೊದಲ್ನೇದು ದೊಡ್ಡ ಆರ್ಡರಿನ ಬಟ್ಟೆ ಕಟ್ಟಿಂಗ್ ಮಾಡಿದ ದಿನ, ನೆನಪಿದೆ."

ಹೀಗೆ ಒಂದೊಂದೇ ಬಾಗಿಲು. ಪುಸ್ತಕ ಹಿಡಿದ ಸೊಸೆಯೊಬ್ಬಳೇ ಕೇಳಿದ್ದರೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಲೋಟ ಒಡೆಯದ ಹೆಂಗಸೇ ಬಂದು ಒಡೆಯಿತು ಎಂದಮೇಲೆ ಇನ್ನು ಯಾರಿಗೇನು ನಾಚಿಕೆ? ಒಬ್ಬಳು ಗಂಡನ ಸಂಬಳದ ದಿನ ಎಂದಳು, ಇನ್ನೊಬ್ಬಳು ಮಗನ ಜ್ವರ ಬಿಟ್ಟ ದಿನ ಎಂದಳು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆಯ ತಾರೀಖು ಸಿಕ್ಕಿತ್ತು. ಸೊಸೆ ಬೀದಿಯ ಚಿತ್ರದ ಮೇಲೆ ಚುಕ್ಕಿ ಇಟ್ಟಳು. ಹನ್ನೊಂದೂ ಚುಕ್ಕಿ ಒಂದೇ ಸಾಲಿನಲ್ಲಿ ಕೂತವು.

"ನಾನು ಹೇಳಿದ್ದೇ ಸರಿಯಿರ್ಲಿಲ್ಲ," ಎಂದಳು ಅವಳು, ಊದಿದ ಕಾಲನ್ನು ಪಕ್ಕದ ಮನೆಯ ಮೆಟ್ಟಿಲ ಮೇಲೆ ಚಾಚಿ. "ಒಡೀಬಾರದು ಅಂದೆ. ಒಡೆಯೋಕೇ ಇರೋದು ಅದು ಅಂತ ಹೇಳ್ಬೇಕಿತ್ತು."

ಸಾಹೇಬರು ಅವಳಿಗೆ ಮೆಮೊ ಕೊಟ್ಟರು. ಆದರೂ ಆ ಚುಕ್ಕಿಗಳನ್ನು ನೋಡಿ ಮೂರನೆಯ ದಿನವೇ ನೆಲ ಕೊರೆಯುವ ಯಂತ್ರ ಕಳಿಸಿದರು. ಎಲ್ಲಿ ಕೊರೆಯಬೇಕೆಂದು ಯಜಮಾನರು ಹಳೆಯ ಗಣಿಯ ಬಾಯಿಯಿಂದ ಹೆಜ್ಜೆ ಎಣಿಸಿಕೊಂಡು ಬಂದು ತಮ್ಮ ಮನೆಯ ಹಿತ್ತಲಿನಲ್ಲಿ ಕಾಲೂರಿ ತೋರಿಸಿದರು. ಹದಿನೇಳು ಮೀಟರಿಗೆ ಕೊರೆಯುವ ಸರಳು ತಡೆಯಿಲ್ಲದೆ ಜಾರಿ ಕೆಳಗೆ ಹೋಯಿತು. ನಕ್ಷೆಯ ಪ್ರಕಾರ ಅಲ್ಲಿ ಕಂಬವಿತ್ತು. ಯಂತ್ರದವನು ಮೋಟಾರು ನಿಲ್ಲಿಸಿ, "ಯಾರೂ ಇಲ್ಲಿ ನಿಲ್ಲಬೇಡಿ," ಎಂದ, ಬಹಳ ಮೆಲ್ಲಗೆ.

ಹನ್ನೊಂದು ಮನೆ ಎರಡು ದಿನದಲ್ಲಿ ಖಾಲಿಯಾದವು. ಹೊರಡುವ ಮುಂಚೆ ಪೊರಕೆಯಮ್ಮ ಮನೆಯನ್ನು ಒಮ್ಮೆ ಪೂರ್ತಿ ಗುಡಿಸಿದಳು. "ಕೆಡವೋ ಮನೇನ ಯಾಕಮ್ಮ ಗುಡಿಸ್ತೀಯ?" ಎಂದ ಮಗನಿಗೆ, "ಬಂದೋರು ಏನಂದ್ಕೋತಾರೆ?" ಎಂದಳು.

ಕ್ವಾರ್ಟರ್ಸಿನಲ್ಲೂ ಎರಡೇ ಕೋಣೆ, ಅದೂ ಚಿಕ್ಕವು. ಮುದುಕರಿಬ್ಬರಿಗೆ ಬೇರೆ ಬ್ಲಾಕಿನಲ್ಲಿ ಒಂದು ಕೋಣೆ ಕೊಡುತ್ತೇವೆ ಎಂದರು ಆಫೀಸಿನವರು. ನಾಲ್ಕು ದಿನದಿಂದ ಅತ್ತೆಯ ಜೊತೆ ಮಾತು ಬಿಟ್ಟಿದ್ದ ಸೊಸೆ ಕಾಗದದ ಮೇಲೆ ಐದು ಹೆಸರು ಬರೆದು ಒಂದೇ ಬೀಗದ ಕೈ ಇಸಕೊಂಡು ಬಂದಳು.

"ಇಕ್ಕಟ್ಟಾಗತ್ತೆ ಕಣೇ," ಎಂದಳು ಪೊರಕೆಯಮ್ಮ.

"ಆಗ್ಲಿ. ನಿಮ್ಮನ್ನ ಕಣ್ಣೆದುರಿಗೇ ಇಟ್ಕೋಬೇಕು. ಬೇರೆ ಬಿಟ್ರೆ ಇನ್ನೇನೇನು ಅಂಟಿಸ್ತೀರೋ!"

ಕ್ವಾರ್ಟರ್ಸಿಗೆ ಬಂದು ಹದಿನಾರು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಮಗ ಗ್ಯಾರೇಜಿನಿಂದ ಹೊತ್ತಿಗೆ ಮುಂಚೆ ಬಂದು ನೀರು ಕೇಳಿ ಕುಡಿದ. "ನಮ್ಮ ಹಳೇ ಮನೆಯ ಹಿಂದಿನ ರೂಮು ಇಳೀತು," ಎಂದ. "ಗೋಡೆ ನೆಟ್ಟಗೇ ಇದೆ. ನೆಲ ಇಲ್ಲ."

"ನನ್ನ ಮಂಚ ಇದ್ದ ಕಡೆನಾ ಅಪ್ಪ?" ಎಂದು ಕೇಳಿದಳು ಮೊಮ್ಮಗಳು.

ಮಗ ಹೌದೆಂದು ತಲೆಯಾಡಿಸಿದ. ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತೆಯನ್ನೇ ನೋಡಿದಳು. ಪೊರಕೆಯಮ್ಮ ಮೊಮ್ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು, ಬಿಡು ಅಜ್ಜಿ ಎಂದು ಅವಳು ಕೊಸರಾಡುವ ತನಕ ಬಿಡಲಿಲ್ಲ.

ಮರುದಿನ ಅವಳು ಹೊಸ ಮನೆಯ ಗೋಡೆಗಳನ್ನು ಬೆರಳಿಂದ ಸವರಿಕೊಂಡು ಬಂದಳು. ಮೊಮ್ಮಗಳ ಮಂಚದ ಮೇಲೆ ಸುಣ್ಣದಲ್ಲಿ ಒಂದು ಸಣ್ಣ ಗೆರೆ ಸಿಕ್ಕಿತು.

"ಅದು ಬರೀ ಸುಣ್ಣದ ಬಿರುಕು ಅತ್ತೆ. ಇಲ್ಲಿ ಕೆಳಗೆ ಗಣಿ ಇಲ್ಲ. ನಾನೇ ಅಳೆದಿದ್ದೀನಿ," ಎಂದಳು ಸೊಸೆ.

"ಇರ್ಲಿ," ಎಂದಳು ಪೊರಕೆಯಮ್ಮ. ಅಂಟಿಸದೆ ಉಳಿದಿದ್ದ ನಾಲ್ಕನೆಯ ಗಾಜನ್ನು ಚೀಲದಿಂದ ತೆಗೆದು, ಎರಡು ಬೊಟ್ಟು ಸಿಮೆಂಟಿಟ್ಟು ಕೂರಿಸಿದಳು. ಪಕ್ಕದಲ್ಲಿ ಮೊಮ್ಮಗಳ ಕೈಯಿಂದ ತಾರೀಖು ಬರೆಸಿದಳು.

ಈಗಲೂ ಅವಳು ದಿನಕ್ಕೆ ಮೂರು ಸಲ ಗುಡಿಸುತ್ತಾಳೆ, ಕಿಟಕಿಯ ಸರಳು ಒರೆಸುತ್ತಾಳೆ, ಚಪ್ಪಲಿ ಬಿಡದೆ ಒಳಗೆ ಬಂದವರ ಮೇಲೆ ರೇಗುತ್ತಾಳೆ. ಆ ಮನೆಯಲ್ಲಿ ಧೂಳು ಕೂತಿರುವುದು ಒಂದೇ ಒಂದು ಕಡೆ, ಆ ಬೆರಳುದ್ದದ ಗಾಜಿನ ಮೇಲೆ.